ಆರಿದ್ದಕ್ಕೆ ಸಿಹಿನೀರು

ಉಪ್ಪಳ ಪೇಟೆಯ ಕ್ಲಿನಿಕ್ಕಿನಲ್ಲಿ, ಸೂಜಿ ಚುಚ್ಚುವ ಕುರ್ಚಿಯೆದುರು
ಎರಡಡಿಯ ಗಾಜಿನ ಪೆಟ್ಟಿಗೆ, ಒಳಗೆ ಕಡಲು.
ಮಕ್ಕಳು ಅತ್ತ ನೋಡುವಾಗ ಇತ್ತ ರಕ್ತ ತೆಗೆಯುವುದು
ನನ್ನ ಹನ್ನೊಂದು ವರ್ಷದ ಕಸುಬು.

ಆಟಿಯ ಒಂದು ಶನಿವಾರ ಮಧ್ಯಾಹ್ನ ಹೋದ ಕರೆಂಟು
ಸೋಮವಾರ ನಾನು ಶಟರ್ ಎತ್ತುವ ಹೊತ್ತಿಗೆ ಬಂದಿತ್ತು.
ಏನೂ ಆಗದವರ ಹಾಗೆ ಪಂಪು
ಗಂಜಿತೆಳಿಯಂಥ ನೀರನ್ನು ತಿರುಗಿಸುತ್ತಿತ್ತು.
ವಾಸನೆಯ ಬಗ್ಗೆ ಬರೆಯುವುದಿಲ್ಲ.
ಎರಡು ಮೀನು, ಒಂದು ಸಿಗಡಿ, ಐದು ವರ್ಷದ ಹವಳ:
ರಿಜಿಸ್ಟರಿನ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆದೆ.
ಯಾರೂ ಸಹಿ ಕೇಳಲಿಲ್ಲ.

ಡಾಕ್ಟರ್ ಕ್ರಾಸ್ತಾ ಅಂದರು, ಸಾಕು ಮಾರಾಯ್ತಿ, ಟೀವಿ ಹಾಕೋಣ.
ಹ್ಞೂಂ ಅಂದು
ಆ ಸಂಜೆಯೇ ಕಲ್ಲುಗಳನ್ನು ವಿನೆಗರಿಗೆ ಹಾಕಿದೆ.
ಸೋಡದ ಹಾಗೆ ನೊರೆಯುಗುಳಿದವು.
ಹಳೇ ಬ್ರಶ್ಶಿನಿಂದ ಒಂದೊಂದು ತೂತನ್ನೂ ಉಜ್ಜಿ
ಬಿಸಿಲು ಬಂದ ದಿನ (ಬಂದದ್ದು ಒಂದೇ ದಿನ)
ತಾರಸಿಯಲ್ಲಿ ಹರಡಿದೆ.
ನೆರೆಮನೆಯ ನಬೀಸಾ ಕೇಳಿದರು, ಇದೇನು, ಕಲ್ಲಿನ ಹಪ್ಪಳವಾ?

ನೀರಿಗೆ ಸೋಣ ಮುಗಿಯುವ ತನಕ ಕಾಯಬೇಕಾಯಿತು.
ಅಳಿವೆಯ ಹತ್ತಿರದ್ದು ಬೇಡ, ಹೊಳೆ ಬೆರೆತಿರುತ್ತದೆ ಅಂದೆ.
ವಾಮನ ಪುತ್ರನ್ ನಕ್ಕ:
ಅಕ್ಕ, ಕಡಲಿನ ವಿಷಯ ನಂಗೆ ಕಲಿಸ್ತೀರಾ?
ದೋಣಿಯಲ್ಲಿ ಒಂದು ಗಂಟೆ ಆಚೆಯಿಂದ ಐದು ಕ್ಯಾನು ತಂದ.
ದುಡ್ಡು ಮುಟ್ಟಲಿಲ್ಲ, ಬದಲಿಗೆ ಶುಗರ್ ನೋಡಿಸಿಕೊಂಡ.
ಇನ್ನೂರ ಹನ್ನೆರಡು. ಬೈದೆ.

ಮೂತ್ರದ ಸಾಂದ್ರತೆ ನೋಡುವ ನಳಿಗೆಯಲ್ಲೇ ಉಪ್ಪನ್ನೂ ನೋಡುತ್ತೇನೆ.
ಕಿಟಕಿಗೆ ಹಿಡಿದರೆ ನೀಲಿಗೂ ಬಿಳಿಗೂ ನಡುವೆ ಒಂದು ಗೆರೆ.
ಕಡಲಿನ ಬಗ್ಗೆ ಅದು ಸ್ವಲ್ಪ ಸುಳ್ಳು ಹೇಳುತ್ತದೆ;
ಎಷ್ಟು ಸುಳ್ಳೆಂದು ಗೊತ್ತಿರುವುದರಿಂದ ನಡೆಯುತ್ತದೆ.

ಒಂದು ಚೂರು ಸಿಗಡಿ ಹಾಕಿ ಕೊಳೆಯಲು ಬಿಟ್ಟೆ.
ಕೊಳೆತದ್ದನ್ನು ತಿನ್ನುವವರು ಮೊದಲು ಬರಬೇಕು,
ಅವರು ಕಣ್ಣಿಗೆ ಕಾಣುವವರಲ್ಲ.
ದಿನಾ ಒಂದು ಕೊಳವೆ ನೀರಿಗೆ ಎಂಟು ಹನಿ ಮದ್ದು:
ಹಸಿರು, ಹಸಿರು, ಕಡುಹಸಿರು, ಮತ್ತೆ ಹಸಿರು.
ನಾಲ್ಕನೇ ವಾರ, ಗುರುವಾರ, ತೆಳು ಹಳದಿ.
ಹೇಳಿಕೊಳ್ಳಲು ಯಾರೂ ಇರಲಿಲ್ಲ;
ಗರ್ಭ ಪರೀಕ್ಷೆಗೆ ಬಂದ ಹುಡುಗಿಗೆ ಹೇಳಿದೆ.
ಅವಳು ತನ್ನದೇ ರಿಪೋರ್ಟೆಂದುಕೊಂಡು ಎದ್ದು ನಿಂತಳು.

ತಿಂಗಳಿಗೊಮ್ಮೆ ಬರುವವಳು ಮಿಸ್ರಿಯ, ಆರು ವರ್ಷ.
ಮೀನ್ ಏಡ? ಕೇಳುತ್ತಾಳೆ.
ಬರ್ತದೆ, ಅನ್ನುತ್ತೇನೆ.
ಮರು ತಿಂಗಳು ಕಲ್ಲಿಗೆಲ್ಲ ಕಂದು ಧೂಳು,
ತುಕ್ಕು ಹಿಡಿದಿದೆ ಅಂದರು ಅವಳ ತಾಯಿ.
ಆಮೇಲೆ ಹಸಿರು ಕೂದಲು. ಆಮೇಲೆ ಮೂರು ಬಸವನಹುಳು.
ಮೀನಿದ್ದ ಕಾಲಕ್ಕಿಂತ ಹೆಚ್ಚು ಹೊತ್ತು
ಅವಳು ಈಗ ಗಾಜಿಗೆ ಮೂಗೊತ್ತಿ ಕೂರುತ್ತಾಳೆ,
ಇಲ್ಲದ್ದನ್ನು ಹುಡುಕುತ್ತ.
ನನಗೂ ನರ ಬೇಗ ಸಿಗುತ್ತದೆ.

ಬೆಳಗಾದರೆ ನೀರು, ಪೆನ್ನಿನ ಗೀಟಿಗಿಂತ ಬೆರಳಷ್ಟು ಕೆಳಗೆ.
ಆರುವುದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗುವುದಿಲ್ಲ.
ಆರಿದ್ದಕ್ಕೆ ಸಿಹಿನೀರು ಹಾಕು ಎಂದು ಬರೆದಿಟ್ಟರೂ
ನನ್ನ ರಜೆಗೆ ಬಂದ ಹುಡುಗ ನಾಲ್ಕು ದಿನ ಉಪ್ಪುನೀರೇ ಸುರಿದ.
ಗೆರೆ ಮೂರು ಮನೆ ಮೇಲಿತ್ತು.
ಚೊಂಬು ಚೊಂಬಾಗಿ ಇಳಿಸಿದೆ, ಒಂದು ವಾರ.
ತಿದ್ದುವ ಅವಸರಕ್ಕೂ ಜೀವ ಹೋಗುತ್ತದೆ.

ಬಕ್ರೀದಿನ ಬೋನಸ್ಸು ಬ್ಯಾಟರಿಗೆ ಹೋಯಿತು.
ಮೀನು ಇನ್ನೂ ಬಂದಿಲ್ಲ.

ಮೊನ್ನೆ ಪಟ್ಟಿ ಬಿಗಿದು, ಸ್ಪಿರಿಟ್ ಹಚ್ಚಿ, ಸೂಜಿ ಬಿಚ್ಚಿದ್ದೆ,
ಮಿಸ್ರಿಯ ಆ ಕೈಯನ್ನೇ ಎಳೆದು ತೋರಿಸಿದಳು:
ಕಲ್ಲಿನ ಹಿಂಬದಿ, ಪಂಪಿನ ನೆರಳಲ್ಲಿ,
ಸಾಸಿವೆಯಷ್ಟಗಲ ನೇರಳೆ.
ಕಲ್ಲಿಗೆ ಕಲ್ಲಿನದೇ ಬಣ್ಣ ಮರಳುವುದು ಹೀಗೆಯೇ.
ಪಟ್ಟಿ ಸಡಿಲಿಸಿ, ಕನ್ನಡಕ ಹುಡುಕಿ,
ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ.
ಹೊರಗೆ ಇನ್ನೂ ಏಳು ಜನ.
ಕಾಯಲಿ.